ಎದ್ದೇಳಲಾಗದ ಪಂಕ್ತಿ

ಗದಗಿನಿಂದ ಹುಬ್ಬಳ್ಳಿಯವರೆಗೆ ರಸ್ತೆಯುದ್ದಕ್ಕೂ ಹಾಸಿದರೂ ಮಿಕ್ಕುಳಿಯುವಷ್ಟು ಹೋಳಿಗೆಯನ್ನು ಒಬ್ಬನೇ ಮನುಷ್ಯನ ಎಲೆಗೆ, ಅವನು ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ, ಬಡಿಸಿದ ಮಹಾನುಭಾವ ನಾನು. ತುಪ್ಪದ ಮಾತು ಬೇರೆ. ಅದು ಹರಿದಿದ್ದರೆ ಊರಿಗೆ ಸೇತುವೆ ಕಟ್ಟಬೇಕಾಗುತ್ತಿತ್ತು. ಹಾಗೆಂದು ನನಗೆ ಕೈಯಿಲ್ಲ, ಸೌಟಿಲ್ಲ, ಬಗ್ಗಲು ಬೆನ್ನೂ ಇಲ್ಲ. ನಾನು ಒಂದು ಕಂಪ್ಯೂಟರ್ ಪ್ರೋಗ್ರಾಮ್. ಹೆಸರು ‘ಪಾರ್ಟಿ’.

ಹುಟ್ಟಿದ್ದು ಒಂದು ಹೆಣ್ಣುಮಕ್ಕಳ ಕಾಲೇಜಿನ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಹಳೇ ಕಂಪ್ಯೂಟರಿನಲ್ಲಿ. ಅದರ ಫ್ಯಾನು ಶುರುವಾದರೆ, ರೈಲು ಬಂತೆಂದು ಸ್ಟೇಷನ್ನಿನಲ್ಲಿ ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ನನ್ನನ್ನು ಬರೆದವರು ಶಶಿಕಲಾ ಹೆಬಸೂರ ಮೇಡಂ. ಆ ಕಾಲೇಜಿನ ಅತಿಥಿ ಉಪನ್ಯಾಸಕಿ. ಅಂದರೆ ಏಪ್ರಿಲಿನಲ್ಲಿ ಮನೆಗೆ ಕಳಿಸಿ, ಜೂನಿನಲ್ಲಿ ಮನಸ್ಸಾದರೆ ಮತ್ತೆ ಕರೆಯುವ ಕೆಲಸ.

ಲೂಪ್ ಎಂಬುದು ಹುಡುಗಿಯರ ತಲೆಗೆ ಹತ್ತಿರಲಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು ಅದು. ಪುಸ್ತಕದ ಉದಾಹರಣೆಯಲ್ಲಿ ಅಂಕಿಗಳು ಒಂದರ ಹಿಂದೊಂದು ಬರುತ್ತಿದ್ದವು, ಬೆಂಚುಗಳಲ್ಲಿ ಆಕಳಿಕೆಗಳೂ ಒಂದರ ಹಿಂದೊಂದು ಬರುತ್ತಿದ್ದವು. ಮೇಡಂ ಬೋರ್ಡು ಒರೆಸಿದರು.

“ಬಿಡ್ರಿ ಅದನ್ನ. ಮನ್ಯಾಗ ಪಾರ್ಟಿ ಇಟ್ಕೊಂಡೀವಿ, ಮಂದಿ ಬಂದ್ರು. ಮೊದಲ ಏನ ಮಾಡ್ತೀರಿ?”

“ಸೆಲ್ಫಿ ತಗೋತೀವ್ರಿ ಮೇಡಂ!”

“ನಿಮ್ಮ ಮನಿಗೆ ನಾ ಬರಂಗಿಲ್ಲ ತಗೋ. ನೀರು ಯಾರ ಕೊಡ್ತಾರವಾ?”

ಹೀಗೆ ಕೇಳುತ್ತ, ನಗುತ್ತ ನನ್ನನ್ನು ಬರೆದರು:

ಅತಿಥಿ ಬಂದರೆ: ನೀರು ಕೊಡು()
ಬಂದವರು ಬೀಗರಾದರೆ: ಕುರ್ಚಿ ಹಾಕು()
ಇಲ್ಲದಿದ್ದರೆ: ಚಾಪೆ ಹಾಸು()
ಅತಿಥಿ ‘ಸಾಕು’ ಅನ್ನುವ ತನಕ:
ಹೋಳಿಗೆ ಬಡಿಸು(), ತುಪ್ಪ ಹಾಕು()
ಆಮೇಲೆ: ಎಲೆ ಅಡಿಕೆ ಕೊಡು()

ಮೊದಲ ಓಟದಲ್ಲಿ ನಾನು ಹೋಳಿಗೆಯನ್ನು ಸೀದಾ ನೆಲಕ್ಕೆ ಬಡಿಸಿದೆ. ಊಟದ ಎಲೆ ಹಾಕು ಎಂಬ ಸಾಲನ್ನೇ ಯಾರೂ ಬರೆದಿರಲಿಲ್ಲ! ನಮ್ಮ ಕುಲವೇ ಹಾಗೆ. ಹೇಳಿದ್ದನ್ನು ಮಾಡುತ್ತೇವೆ, ಹೇಳದ್ದನ್ನು ದೇವರು ಬಂದರೂ ಮಾಡುವುದಿಲ್ಲ. ಮೇಡಂ ಆ ಸಾಲು ಸೇರಿಸಿದರು. ಎರಡನೇ ಓಟಕ್ಕೆ ಹಿಂದಿನ ಬೆಂಚಿನ ಮಹಾದೇವಿ ಕರಮುಡಿ ಅತಿಥಿಯಾಗಿ ಕುಳಿತಳು. ಬಾಯಿಯ ಜೋರಿನಲ್ಲಿ ಕಾಲೇಜಿಗೇ ಮೊದಲಿಗಳು. ಒಂದು ಹೋಳಿಗೆ ಬಿತ್ತು. ಅವಳು ‘ಸಾಕು’ ಎಂದು ಒತ್ತಿದಳು. ನಾನು ತಕ್ಷಣ ನಿಲ್ಲಿಸಿ ಎಲೆ ಅಡಿಕೆ ಕೊಟ್ಟೆ.

“ಅಯ್ಯ ಇದರ! ಒಮ್ಮೆ ಸಾಕಂದ್ರ ಬಿಟ್ಟೇಬಿಡ್ತಲ್ರಿ ಮೇಡಂ! ನಮ್ಮ ಬಸುರಿ ಅಕ್ಕನ ಕುಬಸದ ಊಟದಾಗ ಹಿಂಗ ಮಾಡಿದ್ರ ಬೀಗರು ಹೊಳ್ಳಿ ನಮ್ಮ ಹೊಸ್ತಿಲಾ ತುಳೀತಿದ್ದಿಲ್ಲ.”

“ಮತ್ತ ಸಾಕಂದ್ರ ಏನವಾ ಅರ್ಥ?”

“ಇನ್ನೊಂದು ಹಾಕ್ರಿ ಅಂತ್ರಿ. ಬಡಿಸವ್ರು ಒತ್ತಾಯ ಮಾಡಬೇಕು, ಉಣ್ಣವ್ರು ಬ್ಯಾಡ ಬ್ಯಾಡ ಅಂತ ಉಣ್ಣಬೇಕು.”

ಇಡೀ ಕ್ಲಾಸು ಹೌದೆಂದಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮರುದಿನವೇ ಪ್ರಿನ್ಸಿಪಾಲ್ ಮುಳಗುಂದ ಸರ್ ಮೇಡಂ ಪಾಠ ಕೇಳಲು ಬರುವವರಿದ್ದರು. ಆ ಜಾಗಕ್ಕೆ ಇನ್ನೊಬ್ಬರ ಅರ್ಜಿ ಬಂದಿತ್ತು. ಪಾಠ ಮೆಚ್ಚಿದರೆ ಜೂನಿನಲ್ಲಿ ಮೇಡಂಗೆ ಕರೆ, ಇಲ್ಲದಿದ್ದರೆ ಇಲ್ಲ. ಇದು ಹುಡುಗಿಯರಿಗೂ ಗೊತ್ತಿತ್ತು. ಮೇಡಂ ಮರ್ಯಾದೆ ಉಳಿಯಲಿ ಎಂದು ಮಹಾದೇವಿ ಎಲ್ಲರಿಗಿಂತ ಮೊದಲೇ ಬಂದು, ಯಾರಿಗೂ ಹೇಳದೆ ನನ್ನ ಹೊಟ್ಟೆಯೊಳಗೆ ಒಂದು ಸಾಲನ್ನು ತಿದ್ದಿದಳು: ಅತಿಥಿ ‘ಸಾಕು’ ಅಂದರೂ ಬಡಿಸು. ಎಲ್ಲಿಯವರೆಗೆ ಎಂದು ಬರೆಯಲಿಲ್ಲ.

ಸರ್ ಬಂದರು. ಮೇಡಂ ಅವರನ್ನೇ ಬೀಗರೆಂದು ಬರೆದು ಅತಿಥಿಯನ್ನಾಗಿ ಕೂರಿಸಿದರು. ನೀರು ಕೊಟ್ಟೆ, ಕುರ್ಚಿ ಹಾಕಿದೆ. ಸರ್ ಮುಖ ಅರಳಿತು. ಹೋಳಿಗೆ ಬಿತ್ತು. ‘ಸಾಕು’ ಎಂದು ಒತ್ತಿದರು. ಇನ್ನೊಂದು ಬಿತ್ತು. ‘ಸಾಕು.’ ಮತ್ತೊಂದು. ಅವರು ಒತ್ತುತ್ತಲೇ ಇದ್ದರು, ಅದನ್ನು ಕೇಳು ಎಂದು ಹೊಸ ಸಾಲಿನಲ್ಲಿ ಬರೆದಿರಲಿಲ್ಲ. ಪರದೆಯ ತುಂಬ ಹೋಳಿಗೆ ತುಪ್ಪ ಹೋಳಿಗೆ ತುಪ್ಪ ಎಂದು ಸಾಲುಗಳು ಹರಿದವು.

ಹೊರಗಿನವರಿಗೆ ಅದು ತಮಾಷೆ. ಒಳಗೆ ನನಗೆ ಉಸಿರು ಕಟ್ಟಿತ್ತು. ಬಡಿಸು, ಹಾಕು, ಮೇಲಿನ ಸಾಲಿಗೆ ಹೋಗು, ಬಡಿಸು. ಎಲೆ ಅಡಿಕೆಯ ಸಾಲು ಕೆಳಗೆ ಕಣ್ಣಿಗೆ ಕಾಣುತ್ತಿದೆ, ಅಲ್ಲಿಗೆ ಇಳಿಯಲು ಮೆಟ್ಟಿಲಿಲ್ಲ. ಬಾಗಿಲು ಇದ್ದ ಕಡೆ ಗೋಡೆ ಎದ್ದಿದೆ. ದಣಿವಾಯಿತು ಎನ್ನಲು ನನಗೆ ಬಾಯಿ ಬರೆದಿಲ್ಲ, ಓಡಿಹೋಗಲು ಕಾಲು ಬರೆದಿಲ್ಲ. ಫ್ಯಾನು ಅರಚತೊಡಗಿತು.

“ಏನ್ರಿ ಹೆಬಸೂರ, ನಿಲ್ಲಸ್ರಿ ಇದನ್ನ!” ಎಂದವರೇ ಸರ್, ಪಂಕ್ತಿಯಲ್ಲಿ ಕುಳಿತವರು ಎಲೆಯ ಮೇಲೆ ಬಾಗಿ ಎರಡೂ ಅಂಗೈ ಅಡ್ಡ ಹಿಡಿಯುವಂತೆ, ಕೀಬೋರ್ಡಿನ ಮೇಲೆ ಬಾಗಿ ಅಡ್ಡ ಹಿಡಿದುಬಿಟ್ಟರು! ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಬಡಿಸುತ್ತಲೇ ಇದ್ದೆ. ಮೇಡಂ ಓಡಿಬಂದು ಸರ್ ಕೈ ಸರಿಸಿ, ಎರಡು ಕೀಲಿ ಒಟ್ಟಿಗೆ ಒತ್ತಿ ನನ್ನನ್ನು ಬಿಡಿಸಿದರು. ನಾನು ಸುತ್ತುತ್ತಿದ್ದ ಸಾಲು ಪರದೆಯ ಮೇಲೆ ನಿಂತಿತು.

“ಈ ಸಾಲು ಯಾರ ಬರ್ದಿದ್ದು?” ಸರ್ ಅದಕ್ಕೆ ಬೆರಳು ತೋರಿಸಿದರು.

ನಗು ನಿಂತಿತು. ಮೇಡಂ ಬಗ್ಗಿ ನೋಡಿದರು. ಆ ಸಾಲನ್ನು ಅವರು ಕಂಡದ್ದೇ ಆಗ. ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದರು.

“ನಾನೇ ಬರ್ದೀನ್ರಿ ಸರ್” ಎಂದರು ಮೇಡಂ.

ಮುಂದೆ ಆದದ್ದು ಕೇಳಿ. ಆ ಪ್ರಾಮಾಣಿಕತೆಗೆ ಸರ್ ಕಣ್ಣೀರು ಸುರಿಸಿದರು. “ಇಂಥಾ ಪ್ರೋಗ್ರಾಮ್ ದಿಲ್ಲಿಯೊಳಗೂ ಇಲ್ರಿ” ಎಂದು ನನ್ನನ್ನು ಹೊಗಳಿ, ಅಲ್ಲೇ ಮೇಡಂ ಕೆಲಸವನ್ನು ಕಾಯಂ ಮಾಡಿದರು. ಎಲ್ಲ ನನ್ನ ಪ್ರತಾಪ!

ಅಲ್ಲಿಂದ ನಾನು ಪೆನ್‌ಡ್ರೈವಿಗೆ ಬಂದೆ. ಮೇಡಂ ಮನೆಯ ಗುಂಡಿ, ಸೂಜಿಗಳ ಡಬ್ಬಿಯಲ್ಲಿ, ಯಾರೂ ಓಡಿಸದೆ, ಕತ್ತಲಲ್ಲಿ ವರ್ಷಗಟ್ಟಲೆ ಬಿದ್ದಿದ್ದೆ. ಸುತ್ತುತ್ತಿದ್ದಾಗ ಕೂಡ ಅಷ್ಟು ಬಂಧನ ಅನಿಸಿರಲಿಲ್ಲ. ಈಗ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ಕೀಲಿಗಳ ಸಂದಿಗೆಲ್ಲ ಜೋಳದ ಹಿಟ್ಟು ಕೂತ ಲ್ಯಾಪ್‌ಟಾಪಿನಲ್ಲಿದ್ದೇನೆ. ಮೇಡಂ ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾರೆ. ಮೊನ್ನೆ ಮಹಾದೇವಿ ಬಂದಿದ್ದಳು, ಅವರ ಜೊತೆ ಸಂಜೆಯ ಪಾಠ ಹಂಚಿಕೊಳ್ಳಲು. ನನ್ನನ್ನು ತೆರೆದು ನೋಡಿದಳು. ನಗಲಿಲ್ಲ.

“ಈ ಸಾಲು ನಂದ್ರಿ ಮೇಡಂ.”

“ಗೊತ್ತೈತಿ.”

“ಅವತ್ತ ಗೊತ್ತಿತ್ತೇನ್ರಿ?”

“ಕ್ಲಾಸಿನ್ಯಾಗ ಎಲ್ಲಾರೂ ನಕ್ಕರು. ನೀ ಒಬ್ಬಾಕಿನ ನಗಲಿಲ್ಲ.”

“ನನ್ನ ಹೆಸರ ಹೇಳಿದ್ರ ನಿಮ್ಮ ಕೆಲಸ ಉಳೀತಿತ್ತಲ್ರಿ.”

“ಉಳೀತಿತ್ತೋ ಏನೋ. ಪ್ರಾಕ್ಟಿಕಲ್ ಮಾರ್ಕ್ಸಿಗೆ ಸಹಿ ಹಾಕೋರು ಪ್ರಿನ್ಸಿಪಾಲ್ರು. ನಿನ್ನ ಸುಮ್ನ ಬಿಡ್ತಿದ್ರೇನು? ನನಗ ಬ್ಯಾರೆ ಹಾದಿ ಸಿಕ್ತು. ನಿನಗ ಆ ವಯಸ್ಸಿನ್ಯಾಗ ಯಾವ ಹಾದಿ ಇತ್ತವಾ?”

ಸಿಕ್ಕಿಬಿದ್ದೆ. ಇನ್ನು ಮುಚ್ಚಿಡುವುದೇನು? ಸರ್ ಅಳಲಿಲ್ಲ, ಹೊಗಳಲಿಲ್ಲ. ಕರವಸ್ತ್ರದಿಂದ ಅಂಗೈ ಒರೆಸಿಕೊಂಡು ಎದ್ದುಹೋದರು. ಜೂನಿನಲ್ಲಿ ಕರೆ ಬರಲಿಲ್ಲ. ಪ್ರತಾಪ ನನ್ನದಲ್ಲ. ನಾನು ಬರೆದಂತೆ ಸುತ್ತುತ್ತಿದ್ದೆ, ಅಷ್ಟೇ.

ಪ್ರೋಗ್ರಾಮಿನ ತಲೆಯ ಮೇಲೆ ಯಂತ್ರ ಓದದೆ ದಾಟುವ, ಮನುಷ್ಯರಿಗೆಂದೇ ಬರೆಯುವ ಸಾಲೊಂದಿರುತ್ತದೆ. ನನ್ನ ತಲೆಯ ಮೇಲೆ ‘ಬರೆದವರು: ಶಶಿಕಲಾ ಹೆಬಸೂರ’ ಎಂದಿತ್ತಂತೆ. ಮಹಾದೇವಿ ಅದರ ಕೆಳಗೆ ಏನನ್ನೋ ಒತ್ತಿದಳು. ಏನೆಂದು ನಾನೇ ಓದಿದೆ ಎಂದು ಹೇಳಿದರೆ ಅದೂ ಸುಳ್ಳು. ಆ ಸಾಲು ನನಗೆ ಕಾಣುವುದೇ ಇಲ್ಲ. ಮೇಡಂ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ್ದರಿಂದ ಗೊತ್ತಾಯಿತು: “ತಪ್ಪು ಸಾಲು ಬರೆದವಳು: ಮಹಾದೇವಿ ಕರಮುಡಿ.”