ಪಟ್ಟಿಯ ಮೊದಲ ಹೆಸರು

ದುರ್ಗಾದೇವಿಗೆ ತನ್ನ ಇಮೇಲಿನ ಪಾಸ್‌ವರ್ಡ್ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಗುರುಬಸವನಿಗೆ. ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರಿಗೆ ಅವನ ಆನ್‌ಲೈನ್ ಸೆಂಟರ್ ಇತ್ತು. ಝೆರಾಕ್ಸ್, ಲ್ಯಾಮಿನೇಶನ್, ಪಹಣಿ, ಸ್ಕಾಲರ್‌ಶಿಪ್ ಎಲ್ಲವೂ ಒಂದೇ ಕೋಣೆಯಲ್ಲಿ. ಊರಿನವರು, ಸುತ್ತಲಿನ ಹಳ್ಳಿಯವರು ಯಾವ ಅರ್ಜಿ ಹಾಕಬೇಕಾದರೂ ಅಲ್ಲಿಗೇ ಬರುತ್ತಿದ್ದರು. ಅರ್ಜಿಯಲ್ಲಿ ಇಮೇಲ್ ಕೇಳುವ ಜಾಗ ಬಂದಾಗ ಗುರುಬಸವ ಎದುರಿಗೆ ಕೂತವರ ಮುಖ ನೋಡುತ್ತಿರಲಿಲ್ಲ. ತಾನೇ ಒಂದು ಮೇಲ್ ಹುಟ್ಟಿಸುತ್ತಿದ್ದ, ತಾನೇ ಪಾಸ್‌ವರ್ಡ್ ಇಡುತ್ತಿದ್ದ. ಖಾತೆ ಕೈತಪ್ಪಿದರೆ ಮತ್ತೆ ಪಡೆಯಲು ಒಂದು ಫೋನ್ ನಂಬರ್ ಕೇಳುತ್ತದಲ್ಲ, ಅಲ್ಲಿ ತನ್ನದೇ ನಂಬರ್ ಹಾಕುತ್ತಿದ್ದ. ಎಂಟು ವರ್ಷದಿಂದ ಇದೇ ಪದ್ಧತಿ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ದುರ್ಗಾದೇವಿಯ ಮೇಲ್ ಹುಟ್ಟಿದ್ದು ಪಿಯುಸಿ ಮೊದಲನೇ ವರ್ಷದ ಸ್ಕಾಲರ್‌ಶಿಪ್ ಅರ್ಜಿಗೆ. ಅವಳಪ್ಪ ಗದ್ದೆಪ್ಪ ಕುರಿ ಕಾಯುವವನು. ಅಂದು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದು, ಗುರುಬಸವ ಕೊಟ್ಟ ಚೀಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಿದ್ದ. ಚೀಟಿಯಲ್ಲಿ ಮೇಲ್ ವಿಳಾಸ ಇತ್ತು, ಪಾಸ್‌ವರ್ಡ್ ಇರಲಿಲ್ಲ. ಆಮೇಲೆ ಆ ಮೇಲ್ ಅವಳ ಹೆಸರಿನ ಹಾಗೆ ಎಲ್ಲದಕ್ಕೂ ಅಂಟಿಕೊಂಡಿತು. ಲಿಂಗಸುಗೂರಿನ ಹಾಸ್ಟೆಲ್, ಅಲ್ಲಿಯ ನರ್ಸಿಂಗ್ ಕೋರ್ಸ್, ನೋಂದಣಿ, ಕಡೆಗೆ ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಯ ಅರ್ಜಿ.

ಎರಡು ಸಲ ಅವಳು ಪಾಸ್‌ವರ್ಡ್ ಕೇಳಿದ್ದಳು. ಎರಡು ಸಲವೂ ಗುರುಬಸವ ನಕ್ಕಿದ್ದ. "ನಿಮ್ಮ ಕೈಯಾಗ ಕೊಟ್ರ ಸಂತಿಯಾಗ ಕಳಕೊಂಡು ಬರತೀರಿ. ನನ್ನ ಹತ್ರ ಇದ್ರ ತಿಜೋರ್‍ಯಾಗ ಇದ್ದಂಗ. ಬೇಕಾದಾಗ ಬಾ, ತೆಗದು ತೋರಸ್ತೀನಿ." ಪ್ರತಿ ಸಲ ತೆಗೆದು ತೋರಿಸುವುದಕ್ಕೂ ಅವನ ದರ ಇತ್ತು. ಮೇಲ್ ತೆರೆದು ಓದಿಸಿಕೊಳ್ಳಲು ಜನ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುವುದನ್ನು ನೋಡಿದಾಗ ದುರ್ಗಾದೇವಿಗೆ ಗುರುಬಸವನಿಗಿಂತ ಆ ಜನರ ಮೇಲೆಯೇ ಹೆಚ್ಚು ತಾತ್ಸಾರ ಬರುತ್ತಿತ್ತು. ತನ್ನದೇ ಬೇರೆ ಮೇಲ್ ಮಾಡಿಕೊಂಡು ಎಲ್ಲ ಕಡೆ ಬದಲಿಸುವುದು ಅವಳಿಗೆ ಸಾಧ್ಯವಿತ್ತು. ನಾಳೆ ಮಾಡಿದರಾಯಿತು ಅಂತ ನಾಲ್ಕು ವರ್ಷ ಕಳೆದಳು. ಅವಳ ಫೋನಿನಲ್ಲಿದ್ದ ಇನ್ನೊಂದು ಮೇಲನ್ನು ಸಿಂಧನೂರಿನ ಮೊಬೈಲ್ ಅಂಗಡಿಯವನು ಮಾಡಿಕೊಟ್ಟಿದ್ದ. ಅದರ ಪಾಸ್‌ವರ್ಡೂ ಅವಳಿಗೆ ಗೊತ್ತಿರಲಿಲ್ಲ.

ಆಯ್ಕೆ ಪಟ್ಟಿ ಬಂದದ್ದು ಒಂದು ಬುಧವಾರ. ಅವಳ ನಂಬರ್ ಅದರಲ್ಲಿತ್ತು. ಇನ್ನು ಉಳಿದದ್ದು ಒಂದೇ ಕೆಲಸ. ಸೋಮವಾರ ಸಂಜೆ ಐದರೊಳಗೆ ನೇಮಕಾತಿಯ ಜಾಲತಾಣಕ್ಕೆ ಹೋಗಿ ಯಾವ ಊರು ಬೇಕೆಂದು ಆರಿಸಿ ಒಪ್ಪಿಗೆ ಕೊಡಬೇಕು. ಒಳಗೆ ಹೋಗುವ ಕೋಡ್ ಇಮೇಲಿಗೇ ಬರುತ್ತದೆ. ಒಪ್ಪಿಗೆ ಕೊಡದವರ ಹುದ್ದೆ ಪಟ್ಟಿಯಲ್ಲಿ ಹಿಂದಿದ್ದವರಿಗೆ ಹೋಗುತ್ತದೆ. ಲಿಂಗಸುಗೂರಿನಲ್ಲಿ ಒಂದು ಹುದ್ದೆ ಖಾಲಿ ಇತ್ತು. ಸಿಂಧನೂರಿನ ಖಾಸಗಿ ದವಾಖಾನೆಯಲ್ಲಿ ಮೂರು ವರ್ಷದಿಂದ ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದ ದುರ್ಗಾದೇವಿ ಬುಧವಾರವೇ ಮನಸ್ಸಿನಲ್ಲಿ ಲಿಂಗಸುಗೂರನ್ನು ಆರಿಸಿಯಾಗಿತ್ತು. ಗುರುಬಸವನಿಗೆ ಫೋನ್ ಮಾಡಿದರೆ ಫೋನಿನಲ್ಲಿ ಕೋಡ್ ಹೇಳುವ ಪದ್ಧತಿ ಇಲ್ಲ, ಸೆಂಟರಿಗೇ ಬಾ ಅಂದ. ಅವಳಿಗೆ ಬಿಡುವು ಸಿಕ್ಕದ್ದು ಶನಿವಾರ ಮಧ್ಯಾಹ್ನ.

ಅವಳು ಹೋದಾಗ ಗುರುಬಸವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ಅವನ ತಲೆಯ ಮೇಲೆ ಗೋಡೆಗೆ ಒಂದು ಬ್ಯಾನರ್ ಇತ್ತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಕೂತು ಅವನು ದಿನಕ್ಕೆ ನಲವತ್ತು ಸಲ, ಒಟಿಪಿ ಬಂತೇನು, ಹೇಳ್ರಿ ಅನ್ನುತ್ತಿದ್ದ. ಹೋದ ವರ್ಷ ಒಂದು ಕಾಲೇಜಿನಲ್ಲಿ ಆನ್‌ಲೈನ್ ಮೋಸದ ಬಗ್ಗೆ ಭಾಷಣ ಮಾಡಿದ್ದಕ್ಕೆ ಅವನಿಗೆ ಶಾಲು ಹೊದಿಸಿದ್ದರು. ಆ ಫೋಟೋ ಬ್ಯಾನರಿನ ಪಕ್ಕದಲ್ಲಿತ್ತು.

ಬೆಂಚಿನ ಮೇಲೆ ಕಾಳುಕಡಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದ ಅಮರಗುಂಡಪ್ಪ ಕಾಗದ ಹಿಡಿದು ಕೂತಿದ್ದ. ದುರ್ಗಾದೇವಿ ತನ್ನ ಕೆಲಸ ಹೇಳುವ ಮೊದಲೇ ಅವನು ಸುದ್ದಿ ಹೇಳಿದ. ಗುರುಬಸವನಿಗೆ ಡಿಜಿಟಲ್ ಸೇವಾ ರತ್ನ ಪ್ರಶಸ್ತಿ ಬಂದಿದೆ. ರಾಜ್ಯಕ್ಕೇ ಹನ್ನೊಂದು ಮಂದಿ, ಅದರಲ್ಲಿ ಮಸ್ಕಿಯವನು ಒಬ್ಬ. ಇವತ್ತು ಮೂರರೊಳಗೆ ಫಾರ್ಮ್ ತುಂಬಿ ಕಳಿಸಬೇಕಂತೆ.

"ಜರಾ ಕುಂದ್ರವಾ, ಫುರಸತ್ತಿಲ್ಲ ಈಗ," ಎಂದ ಗುರುಬಸವ, ತಿರುಗಿ ನೋಡದೆ.

ದುರ್ಗಾದೇವಿ ಅವನ ಭುಜದ ಹಿಂದೆ ನಿಂತು ತೆರೆ ನೋಡಿದಳು. ಪ್ರಶಸ್ತಿಯ ಮೇಲ್ ತೆರೆದಿತ್ತು. ಮೇಲೆ ಸಿಂಹದ ಲಾಂಛನ, ಕೆಳಗೆ ಯಾವನೋ ನಿರ್ದೇಶಕನ ಸಹಿ. ಕಳಿಸಿದವರ ವಿಳಾಸ ಮಾತ್ರ ಸರ್ಕಾರದ್ದಾಗಿರಲಿಲ್ಲ. ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಖಾತೆ, ಹೆಸರಿನ ಹಿಂದೆ ಏಳೆಂಟು ಅಂಕಿ. ಇಂಥದ್ದೇ ಒಂದು ಮೇಲನ್ನು ದವಾಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಶಕೀಲ್ ನರ್ಸುಗಳಿಗೆಲ್ಲ ತೋರಿಸಿ, ಹೆಸರು ನೋಡಬೇಡಿ, ವಿಳಾಸ ನೋಡಿ, ಅವಸರ ಮಾಡಿದರೆ ಕಳ್ಳ ಅಂತ ತಿಳಿಯಿರಿ ಎಂದು ಹೇಳಿದ್ದ. ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು.

"ಅಣ್ಣಾರ, ವಿಳಾಸ ನೋಡ್ರಿ. ಇದು ಸರ್ಕಾರದ್ದಲ್ಲ."

ಗುರುಬಸವ ಕುರ್ಚಿ ತಿರುಗಿಸಿದ. ಅಮರಗುಂಡಪ್ಪನ ಕಡೆ ನೋಡಿ, ಆಮೇಲೆ ಅವಳ ಕಡೆ ನೋಡಿದ. "ಗದ್ದೆಪ್ಪನ ಮಗಳು ನನಗ ಇಮೇಲ್ ಕಲಸಾಕ ಬಂದಾಳ ನೋಡ್ರಿ. ನೀ ಸೂಜಿ ಚುಚ್ಚಾಕಿ, ಸೂಜಿ ಚುಚ್ಚವಾ. ನಿಮ್ಮಪ್ಪಗ ಮೌಸ್ ಅಂದ್ರ ಇಲಿ ಅಂತ ತಿಳಕೊಂಡಿದ್ದಾಗನ ನಾ ಈ ಸೆಂಟರ್ ತೆಗದೀನಿ."

ಅಮರಗುಂಡಪ್ಪ ಹೊಟ್ಟೆ ಕುಣಿಸಿ ನಕ್ಕ.

ದುರ್ಗಾದೇವಿ ಹಿಂದೆ ಸರಿದಳು. ಬೆಂಚಿನ ತುದಿಗೆ ಹೋಗಿ ಕೂತು ಕೈಕಟ್ಟಿಕೊಂಡಳು. ಹೋಗಲಿ ಅಂದುಕೊಂಡಳು. ಈ ಮನುಷ್ಯನ ಮೇಲ್ ಹೋಗಲಿ, ಶಾಲಿನ ಮರ್ಯಾದೆಯೂ ಹೋಗಲಿ. ನಾಳೆ ಇವನು ಬಸ್‌ಸ್ಟ್ಯಾಂಡಿನ ಎದುರು ಬಾಯಿ ಬಡಿದುಕೊಳ್ಳುವುದನ್ನು ನೋಡಲು ತಾನು ಸಿಂಧನೂರಿನಿಂದ ಬಸ್ಸು ಹಿಡಿದು ಬರಬೇಕು. ಹಾಗೆ ಅಂದುಕೊಂಡಾಗ ಅವಳಿಗೆ ನಿಜವಾಗಿ ಹಿತವಾಯಿತು.

ಗುರುಬಸವ ಫಾರ್ಮ್ ತುಂಬಿದ. ಹುಟ್ಟಿದ ದಿನ, ಇಮೇಲ್, ಅದರ ಪಾಸ್‌ವರ್ಡ್. ಸೇವೆಯ ಪುರಾವೆಗಾಗಿ ಫಲಾನುಭವಿಗಳ ಪಟ್ಟಿ ಲಗತ್ತಿಸಿ ಎಂಬ ಜಾಗದಲ್ಲಿ ಎಂಥದೋ ಫೈಲ್ ಹಾಕಿದ. ಕಳಿಸಿದ ಐದು ನಿಮಿಷಕ್ಕೆ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಅವನು ಸ್ಪೀಕರ್ ಹಾಕಿದ. ಆ ಕಡೆಯವನ ಕನ್ನಡ ಸುದ್ದಿ ಓದುವವರ ಕನ್ನಡದ ಹಾಗಿತ್ತು. ಅಭಿನಂದನೆ ಹೇಳಿದ, ಮಸ್ಕಿಯನ್ನು ಹೊಗಳಿದ. ನಂತರ, ನಿಮ್ಮ ಫೋನಿಗೆ ಈಗ ಒಂದು ಕೋಡ್ ಬಂದಿರುತ್ತದೆ, ದಯವಿಟ್ಟು ಓದಿ ಎಂದ. ಗುರುಬಸವ ಬ್ಯಾನರಿನ ಕೆಳಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಓದಿದ.

"ಇನ್ನು ಪ್ರತಿ ಫಲಾನುಭವಿಗೂ ಒಂದೊಂದು ಕೋಡ್ ಬರುತ್ತದೆ ಸರ್. ಅವರ ಪರವಾಗಿ ತಾವೇ ದೃಢೀಕರಿಸಬೇಕು."

"ಆತ್ರಿ ಸರ್. ಅವರಿಗೆ ತಿಳಿಯೂದಿಲ್ರಿ, ನಾನ ಎಲ್ಲಾ," ಎಂದ ಗುರುಬಸವ.

ಫೋನ್ ಟಿಣ್ ಅಂದಿತು. "ನಾಕು, ಸೊನ್ನೆ, ಏಳು, ಏಳು, ಎರಡು, ಒಂಬತ್ತು," ಎಂದು ಗುರುಬಸವ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಓದಿದ. ಆ ಕಡೆಯವನು ಧನ್ಯವಾದ ಹೇಳಿದ. ಮತ್ತೆ ಟಿಣ್ ಅಂದಿತು. ಮತ್ತೆ ಓದಿದ. ದುರ್ಗಾದೇವಿ ಎಣಿಸುತ್ತಾ ಕೂತಳು. ಒಂಬತ್ತಕ್ಕೆ ಅವಳಿಗೆ ನಗು ತಡೆಯುವುದು ಕಷ್ಟವಾಯಿತು. ನಾಲ್ಕಕ್ಕೆ ಡ್ಯೂಟಿ ಇತ್ತು. ತನ್ನ ಮೇಲ್ ಯಾವಾಗ ತೋರಿಸುತ್ತೀರಿ ಎಂದು ಕೇಳಿದರೆ ಗುರುಬಸವ ಫೋನಿಗೆ ಕೈ ಅಡ್ಡ ಹಿಡಿದು, ಸೋಮವಾರ ಮುಂಜಾನೆ ಹತ್ತಕ್ಕೆ ಬಾ ಅಂದ. ಹತ್ತರಿಂದ ಐದರವರೆಗೆ ಏಳು ತಾಸು, ಸಾಕು ಅನಿಸಿತು ಅವಳಿಗೆ.

ಸಿಂಧನೂರಿನ ಬಸ್ಸಿನಲ್ಲಿ ಕೂತು ಅವಳು ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಗೆಳತಿ ಮಹೇಶ್ವರಿಗೆ ಫೋನ್ ಮಾಡಿ ಎಲ್ಲವನ್ನೂ ನಕ್ಕು ನಕ್ಕು ಹೇಳಿದಳು. ಇಲಿಯ ಮಾತು, ಸುದ್ದಿ ಓದುವವನ ಕನ್ನಡ, ಒಂಬತ್ತು ಕೋಡು. ಮಹೇಶ್ವರಿ ನಗಲಿಲ್ಲ.

"ಒಂಬತ್ತು ಕೋಡ್ ಯಾರವು?"

"ಯಾರೋ ಫಲಾನುಭವಿಗಳಂತ."

"ಅಂದ್ರ ಅಂವ ಮೇಲ್ ಮಾಡಿಕೊಟ್ಟ ಮಂದಿ. ನಿಂದೂ ಅಂವನ ಮಾಡ್ಯಾನ ಅಂತಿದ್ದಿ. ನಿನ್ನ ಮೇಲಿಗೆ ಯಾರ ನಂಬರ್ ಐತಿ?"

ದುರ್ಗಾದೇವಿ ಫೋನ್ ಇಟ್ಟಳು. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಮಸ್ಕಿಯ ಕಡೆ ಹೊರಟಿದ್ದ ಟಂಟಂ ಆಟೋ ಹತ್ತಿದಳು.

ಗುರುಬಸವ ಇನ್ನೂ ಓದುತ್ತಿದ್ದ. ಅಮರಗುಂಡಪ್ಪ ಚಹಾ ತರಿಸಿ ಅವನ ಮುಂದೆ ಇಟ್ಟಿದ್ದ. ದುರ್ಗಾದೇವಿ ಒಳಗೆ ಬಂದವಳೇ ಫೋನನ್ನು ಅವನ ಕೈಯಿಂದ ಕಿತ್ತುಕೊಂಡು ಬಂದ್ ಮಾಡಿದಳು. ಗುರುಬಸವ ಎದ್ದು ನಿಂತ. ಅವನು ಬೈಯುವ ಮೊದಲೇ ಅವಳು ಕೇಳಿದಳು.

"ಪಟ್ಟಿಯಾಗ ಏನೇನು ಬರದಿದ್ರಿ?"

"ಹೆಸರು, ಊರು, ಮೇಲು."

"ಪಾಸ್‌ವರ್ಡ್?"

"ಅದೂ ಒಂದು ಕಾಲಮ್ ಇತ್ತು. ಎಲ್ಲಾರದೂ ಒಂದ ಪಾಸ್‌ವರ್ಡ್, ಅದರಾಗ ಏನೈತಿ ಮಹಾ?"

"ನನ್ನ ಹೆಸರಿತ್ತೇನ್ರಿ?"

ಗುರುಬಸವನಿಗೆ ಈಗ ನಿಜಕ್ಕೂ ಬೇಸರವಾಯಿತು. ಉಪಕಾರ ಮರೆತವರನ್ನು ನೋಡುವ ಹಾಗೆ ಅವಳನ್ನು ನೋಡಿದ. "ಮೊದಲನೇ ಹೆಸರ ನಿಂದು ಹಾಕೀನಿ. ನಮ್ಮ ಸೆಂಟರಿನಿಂದ ಗೌರ್ಮೆಂಟ್ ನೌಕರಿ ಹತ್ತಿದಾಕಿ ಅಂತ."

ನಾಲ್ಕು, ಸೊನ್ನೆ, ಏಳು, ಏಳು, ಎರಡು, ಒಂಬತ್ತು. ಅವಳು ಕೈಕಟ್ಟಿಕೊಂಡು ಕೂತು ಕೇಳಿದ್ದಳು. ಹಿತವಾಗಿತ್ತು ಕೂಡ.

ಅವಳ ಮೇಲ್ ತೆರೆಯಲು ನೋಡಿದರು. ಪಾಸ್‌ವರ್ಡ್ ಬದಲಾಗಿ ಒಂದು ತಾಸು ಐದು ನಿಮಿಷವಾಗಿದೆ ಎಂದು ತೋರಿಸಿತು. ನಂಬರೂ ಬದಲಾಗಿತ್ತು. ಗುರುಬಸವ ಸರ್ವರ್ ಪ್ರಾಬ್ಲಂ ಅಂದ. ಇನ್ನೊಬ್ಬರದನ್ನು ತೆರೆಯಲು ನೋಡಿದ, ಮತ್ತೊಬ್ಬರದನ್ನು ನೋಡಿದ, ತನ್ನದನ್ನೇ ನೋಡಿದ, ಒಂದೂ ತೆರೆಯಲಿಲ್ಲ. ನಾಲ್ಕನೇ ಸಲಕ್ಕೆ ಸರ್ವರ್ ಅನ್ನುವುದನ್ನು ನಿಲ್ಲಿಸಿ ಬೆವರಿನಲ್ಲಿ ಕಲಸಿದ ವಿಭೂತಿಯನ್ನು ತೋಳಿನಿಂದ ಒರೆಸಿಕೊಂಡ. ಅಮರಗುಂಡಪ್ಪ ಕಾಗದ ಮಡಚಿಕೊಂಡು, ಎಲ್ಲಾ ಶಿವನ ಇಚ್ಛೆ ಅಂದು ಹೊರಗೆ ಹೋದ. ಮರುದಿನ, ಗುರುಬಸವನೇ ಮಾಡಿಕೊಟ್ಟಿದ್ದ ಅವನ ಮೇಲಿನಿಂದ ಅವನ ಅಡತಿಯ ಗಿರಾಕಿಗಳಿಗೆಲ್ಲ, ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಸಹಾಯ ಮಾಡಿ ಎಂಬ ಪತ್ರ ಹೋಯಿತು. ಆಗ ಅವನಿಗೆ ಶಿವ ನೆನಪಾಗಲಿಲ್ಲ, ಗುರುಬಸವನ ತಾಯಿ ನೆನಪಾದಳು.

ಖಾತೆ ಮರಳಿಸಿ ಎಂದು ದುರ್ಗಾದೇವಿ ತನ್ನ ಫೋನಿನಿಂದ ಅರ್ಜಿ ಹಾಕಿದಳು. ಪರಿಶೀಲನೆಗೆ ಮೂರರಿಂದ ಐದು ಕೆಲಸದ ದಿನ ಎಂದು ಉತ್ತರ ಬಂತು. ಸೋಮವಾರ ಲಿಂಗಸುಗೂರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟಳು, ಸ್ವೀಕೃತಿ ಸಿಕ್ಕಿತು. ನೇಮಕಾತಿಯ ಸಹಾಯವಾಣಿಯ ಹೆಣ್ಣುಮಗಳು ತಾಳ್ಮೆಯಿಂದಲೇ ಮಾತಾಡಿದಳು. ಇಮೇಲ್ ಬದಲಿಸಬಹುದು, ಅದಕ್ಕೆ ಹಳೆಯ ಇಮೇಲಿಗೆ ಬರುವ ಕೋಡ್ ಬೇಕು ಎಂದಳು. ಐದು ಗಂಟೆ ಹೊಡೆಯುವಾಗ ದುರ್ಗಾದೇವಿ ಲಿಂಗಸುಗೂರಿನ ಒಂದು ಝೆರಾಕ್ಸ್ ಅಂಗಡಿಯ ಮುಂದೆ ನಿಂತು ಫೋನ್ ನೋಡುತ್ತಿದ್ದಳು. ಪುಟ ಒಮ್ಮೆ ಬಿಳಿಯಾಯಿತು. ಆಮೇಲೆ ಅವಧಿ ಮುಗಿದಿದೆ ಎಂದು ಬಂತು.

ಗುರುಬಸವ ಹಾಳಾಗಲಿಲ್ಲ. ತನ್ನ ಮೇಲೆ ಹ್ಯಾಕರುಗಳು ದಾಳಿ ಮಾಡಿದ್ದಾರೆ, ದೊಡ್ಡ ದೊಡ್ಡ ದೇಶದವರಿಗೂ ಇದೇ ಆಗಿದೆ ಅಂತ ಹೇಳಿಕೊಂಡ. ಜನ ತಲೆಯಾಡಿಸಿದರು. ಬುಧವಾರ ಬೆಳಿಗ್ಗೆ ಸೆಂಟರಿನ ಮುಂದೆ ಸಾಲು ನಿಂತಿತ್ತು. ಮೇಲ್ ಹೋದವರೆಲ್ಲ ಹೊಸ ಮೇಲ್ ಮಾಡಿಸಲು ಬಂದಿದ್ದರು. ಅವನು ಈ ಸಲ ದರ ಅರ್ಧ ಮಾಡಿದ್ದ. ನಂಬರ್ ಕೇಳುವ ಜಾಗದಲ್ಲಿ ಮತ್ತೆ ತನ್ನದೇ ನಂಬರ್ ಹಾಕುತ್ತಿದ್ದ.

ಸಾಲಿನಲ್ಲಿ ಗದ್ದೆಪ್ಪನೂ ಇದ್ದ. ಮಗಳಿಗೆ ಫೋನ್ ಹಚ್ಚಿ, ನಿನಗೂ ಒಂದು ಹೊಸಾದು ಮಾಡಸ್ತೀನಿ, ನಿನ್ನ ಹುಟ್ಟಿದ ತಾರೀಖು ಹೇಳು ಅಂದ. ಗುರುಬಸವ ಭಾಳ ನೊಂದಾನ, ಅಂವನ ಮ್ಯಾಲ ಸಿಟ್ಟು ಮಾಡಬ್ಯಾಡ ಅಂತಲೂ ಅಂದ.

"ಮನೀಗಿ ನಡಿ ಯಪ್ಪಾ," ಎಂದಳು ದುರ್ಗಾದೇವಿ. ಅವಳು ಸಿಂಧನೂರಿನ ವಾರ್ಡಿನಲ್ಲಿ ಒಬ್ಬ ಮುದುಕನಿಗೆ ಸಲೈನ್ ಹಚ್ಚುತ್ತಿದ್ದಳು.

ಪಟ್ಟಿಯಲ್ಲಿದ್ದ ಹೆಸರು ಇನ್ನೂರ ಹನ್ನೆರಡು. ಗುರುಬಸವ ಓದಿದ ಕೋಡು, ಅವನದೂ ಸೇರಿ, ಮೂವತ್ತೆರಡು. ಹೋದ ಖಾತೆಗಳೂ ಮೂವತ್ತೆರಡು. ತಿರುಗಿ ಬಂದವು ನಾಲ್ಕು. ಹೋದ ಹುದ್ದೆ ಒಂದು.