ಬ್ರೇಕಿಗೊಂದು ಕಾವಲು

ಗ್ರಾಂಟ್ ರೋಡಿನಲ್ಲಿ ಲೋಕಲ್ ರೈಲು ಇಳಿದು ಬೈಕ್ ಸಾಮಾನಿನ ಗಲ್ಲಿ ಹೊಕ್ಕ ಐದೇ ನಿಮಿಷಕ್ಕೆ ನನಗೆ ಹೇಸಿಗೆ ಬಂತು. ಬೈಕಿಗೆ ಬೇಕಾದ ಸಾಮಾನಿಗಿಂತ ಶೋಕಿಗೆ ಬೇಕಾದದ್ದೇ ಹೆಚ್ಚು. ತಲೆಬುರುಡೆಯ ಆಕಾರದ ಕನ್ನಡಿ, ನೇರಳೆ ಬಣ್ಣದ ನಟ್ಟು, ಗುಂಡಿ ಒತ್ತಿದರೆ ನಾಯಿಯಂತೆ ಬೊಗಳುವ ಹಾರ್ನು. ಮೆಟ್ಟಿಲುಗಳ ಮೂಲೆಯಲ್ಲೆಲ್ಲ ಗುಟ್ಕಾ ಉಗುಳಿದ ಕೆಂಪು. ಅದರ ಮೇಲೆ ಅಗರಬತ್ತಿಯ ಹೊಗೆ ಬೇರೆ. ಜೊತೆಗಿದ್ದ ಮಗಳು ಸೋನಾಲಿ ಮಾತ್ರ ತವರಿಗೆ ಬಂದವಳ ಹಾಗೆ ಖುಷಿಯಾಗಿದ್ದಳು.

"ಥೂ," ಎಂದೆ.

"ಅಪ್ಪಾ, ಪ್ಲೀಸ್. ಇವತ್ತ ಒಂದ್ ದಿನ ಥೂ ಅನ್ನಬ್ಯಾಡ್ರಿ," ಎಂದಳು.

ಹೆಂಡತಿ ಅಂಬವ್ವ ಹೇಳುವ ಪ್ರಕಾರ ನಾನು ದಿನಕ್ಕೆ ಎರಡು ಸಲ ಊಟ ಮಾಡಿದರೆ ಇಪ್ಪತ್ತು ಸಲ ಥೂ ಅನ್ನುತ್ತೇನೆ. ಏನು ಮಾಡಲಿ? ವಿಜಯಪುರದಿಂದ ಬಂದು ದಹಿಸರ್‌ನಲ್ಲಿ ಮೂವತ್ತು ವರ್ಷದಿಂದ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿದ್ದೇನೆ. ಈ ಸಂಗಪ್ಪ ಮಾಡಿಕೊಟ್ಟ ಸಾಮಾನು ಮುರಿದು ವಾಪಸ್ ಬಂದ ದಾಖಲೆ ಇಲ್ಲ. ಅಂಥವನ ಕಣ್ಣಿಗೆ ಈಗಿನ ಮಾಲು ಬಿದ್ದರೆ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಸೋನಾಲಿ ಅಂಧೇರಿಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ರಜೆ ಸಿಕ್ಕರೆ ಊರಾಚೆಯ ಟ್ರ್ಯಾಕಿಗೆ ಹೋಗಿ ಬೈಕ್ ಓಡಿಸುತ್ತಾಳೆ. ಕಳೆದ ಡಿಸೆಂಬರಿನಲ್ಲಿ ತಿರುವೊಂದರಲ್ಲಿ ಪಕ್ಕದವನ ಹ್ಯಾಂಡಲ್ ಇವಳ ಮುಂದಿನ ಬ್ರೇಕಿನ ಹಿಡಿಕೆಗೆ ತಾಗಿತ್ತು. ಇವಳು ಬ್ರೇಕ್ ಹಿಡಿಯಲೇ ಇಲ್ಲ, ಆದರೂ ಬ್ರೇಕ್ ಬಿತ್ತು. ಮುಂದಿನ ಗಾಲಿ ಕಚ್ಚಿಕೊಂಡು, ಬೈಕ್ ಪಲ್ಟಿ ಹೊಡೆದು, ಇವಳ ಭುಜದ ಎಲುಬು ಮುರಿಯಿತು. ಎರಡು ತಿಂಗಳು ಅಂಬವ್ವ ಅವಳ ತಲೆ ಬಾಚಿದಳು. ಈಗ ಮತ್ತೆ ಹೊರಟಿದ್ದಾಳೆ. ಬ್ರೇಕಿನ ಹಿಡಿಕೆಗೆ ಗಾರ್ಡ್ ಇಲ್ಲದ ಬೈಕನ್ನು ಒಳಗೆ ಬಿಡುವುದಿಲ್ಲ ಎಂದು ಅವಳ ಕ್ಲಬ್ಬಿನವರು ಹೇಳಿದ್ದರು. ಗಾರ್ಡ್ ಎಂದರೆ ದೊಡ್ಡದೇನಲ್ಲ. ಹ್ಯಾಂಡಲ್ಲಿನ ತುದಿಗೆ ಸಿಕ್ಕಿಸಿದರೆ ಹಿಡಿಕೆಯ ಮುಂದೆ ಬಾಗಿ ನಿಲ್ಲುವ ಗೇಣುದ್ದದ ಕೊಂಡಿ. ಆದರೆ ನನ್ನ ಮಗಳ ಎಲುಬು ಇನ್ನು ಆ ಗೇಣುದ್ದದ ಕೊಂಡಿಯ ಮೇಲೆ ನಿಂತಿತ್ತು. ಅದಕ್ಕೇ ಕೆಲಸ ಬಿಟ್ಟು ನಾನೂ ಬಂದಿದ್ದೆ.

ನಾವು ಹೊಕ್ಕ ಅಂಗಡಿಯವನು ಗಾಜಿನ ಮೇಜಿನ ಮೇಲೆ ಇಪ್ಪತ್ತು ನಮೂನೆಯ ಗಾರ್ಡ್ ಹರಡಿದ. ಚಿನ್ನದ ಬಣ್ಣ, ಗಿಳಿ ಹಸಿರು, ಜಿಂಕೆ ಕೊಂಬಿನಂಥದ್ದು. ಬಂಗಾರ ಬಣ್ಣದ್ದನ್ನು ತೋರಿಸಿ, "ಏಕ್‌ದಮ್ ಏರೋಪ್ಲೇನ್ ಕಾ ಮೆಟಲ್, ಅಂಕಲ್" ಎಂದ. ನನ್ನ ಅಂಗಿಯ ಜೇಬಿನಲ್ಲಿ ಬೆರಳುದ್ದದ ಅರ ಸದಾ ಇರುತ್ತದೆ. ತೆಗೆದು ಒಂದೇ ಸಲ ಉಜ್ಜಿದೆ. ಬಂಗಾರ ಉದುರಿತು, ಕೆಳಗೆ ಬೂದುಬಣ್ಣದ ಪ್ಲಾಸ್ಟಿಕ್ ಕಂಡಿತು.

"ಅರೇ ಅಂಕಲ್, ಕ್ಯಾ ಕರ್ ರಹೇ ಹೋ!" ಎಂದು ಅವನು ಕಿರುಚಿದ.

"ನಿನ್ನ ಏರೋಪ್ಲೇನ್ ಇಳಿಸಾಕತ್ತೀನಿ," ಎಂದೆ. ಅವನಿಗೆ ಕನ್ನಡ ತಿಳಿಯಲಿಲ್ಲ, ಆದರೆ ಮುಖ ನೋಡಿ ಅರ್ಥವಾಗಿರಬೇಕು.

ಸೋನಾಲಿ ಮೂಲೆಯಲ್ಲಿದ್ದ ಒಂದು ಕರಿಯ ಗಾರ್ಡನ್ನು ಎತ್ತಿಕೊಂಡಳು. ಬಣ್ಣವಿಲ್ಲ, ಹೊಳಪಿಲ್ಲ. ಬಕೆಟ್ಟಿನ ಹಿಡಿಕೆಯಷ್ಟೂ ಅಂದವಿಲ್ಲ. ಹೆಬ್ಬೆರಳಿನಿಂದ ಒತ್ತಿದಳು. ಅದು ಬಾಗಿತು, ಬಿಟ್ಟಾಗ ಮೊದಲಿನಂತಾಯಿತು.

"ಇದು ಬೆಸ್ಟ್ ಐತಿ ಅಪ್ಪಾ. ನೈಲಾನ್. ಭಾಳ ಜೋರ್ ಪೆಟ್ಟು ಬಿದ್ರ ಮುರೀತೈತಿ. ಮುರೀಬೇಕಂತನ ಮಾಡಿರ್ತಾರ. ಕ್ಯೂಂಕಿ..."

"ಮುರಿಯಾಕಂತನ ಮಾಡಿದ್ದನ್ನ ಕೊಳ್ಳಾಕ ನನಗೇನ್ ಹುಚ್ಚ ಹಿಡದೈತೇನು? ಬಾಗೂ ಕಾವಲುಗಾರನ್ನ ಯಾರರ ಇಟ್ಕೋತಾರ?"

"ಅಪ್ಪಾ, ಸುನೋ ನಾ..."

"ಥೂ! ನಡಿ. ನಾ ಮಾಡಿಕೊಡ್ತೀನಿ."

ನಾನು ಹೊರಗೆ ಬಂದು ನಿಂತೆ. ಗ್ಲೌಸ್ ನೋಡುತ್ತೇನೆಂದು ಅವಳು ಎರಡು ನಿಮಿಷ ತಡಮಾಡಿ ಬಂದಳು. ಲೋಕಲ್‌ನಲ್ಲಿ ದಹಿಸರ್‌ವರೆಗೂ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಅಂಗಡಿಯವನೆದುರು ಮಾನ ಹೋಯಿತೆಂದು ಸಿಟ್ಟಿರಬೇಕು, ಇರಲಿ ಎಂದುಕೊಂಡೆ.

ಮೂರು ದಿನ ಗಿರಾಕಿಗಳ ಕೆಲಸ ಬದಿಗಿಟ್ಟೆ. ಎಂಟು ಎಂಎಂ ಉಕ್ಕಿನ ಸಲಾಕೆ ಕಾಯಿಸಿ, ಬಾಗಿಸಿ, ಹ್ಯಾಂಡಲ್ಲಿನ ತುದಿಗೆ ಕೂರುವ ಗುಬಟು ಲೇತ್‌ನಲ್ಲಿ ತಿರುವಿ, ಬೆಸುಗೆ ಹಾಕಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದೆ. ಮೂವತ್ತು ವರ್ಷದಲ್ಲಿ ಇಷ್ಟು ಮನಸ್ಸಿಟ್ಟು ಮಾಡಿದ ಸಾಮಾನು ಇನ್ನೊಂದಿಲ್ಲ. ನಾನೇ ಅವಳ ಬೈಕಿಗೆ ಕೂರಿಸಿದೆ. ಬೇರೆಯವರು ಬೋಲ್ಟ್ ಬಿಗಿ ಮಾಡಿ ನಿಲ್ಲಿಸುವಲ್ಲಿಂದ ನನ್ನ ಕೈ ಇನ್ನೊಂದು ಅರ್ಧ ಸುತ್ತು ತಿರುಗಿಸುತ್ತದೆ. ಅದು ನನ್ನ ರೂಢಿ. ಅಂದೂ ತಿರುಗಿಸಿದೆ.

ಸೋನಾಲಿ ಅದರ ಮೇಲೆ ಬೆರಳಾಡಿಸಿದಳು. "ಮಸ್ತ್ ಐತಿ ಅಪ್ಪಾ," ಎಂದಳು. ಕಣ್ಣು ಒದ್ದೆಯಾಗಿತ್ತು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಶನಿವಾರ ಬೆಳಗ್ಗೆ ಅಂಧೇರಿಯ ಗ್ಯಾರೇಜೊಂದರಲ್ಲಿ ಕ್ಲಬ್ಬಿನವರ ತಪಾಸಣೆ. ಪಾಸಾದ ಬೈಕುಗಳು ಅಲ್ಲಿಂದಲೇ ಟೆಂಪೋ ಹತ್ತಿ ಟ್ರ್ಯಾಕಿಗೆ ಹೋಗಬೇಕು. ಅಲ್ಲೂ ಅದೇ ಹೇಸಿಗೆ. ಒಬ್ಬ ಬೈಕಿಗೆ ಒರಗಿ ತನ್ನ ವಿಡಿಯೋ ತಾನೇ ತೆಗೆಯುತ್ತಿದ್ದ, ಇನ್ನೊಬ್ಬ ಹೆಲ್ಮೆಟ್ಟಿಗೆ ಸೆಂಟು ಹೊಡೆಯುತ್ತಿದ್ದ. ಹೆಚ್ಚಿನವರ ಹ್ಯಾಂಡಲ್ಲಿನಲ್ಲಿ ಅದೇ ಕರಿಯ ಬಕೆಟ್ ಹಿಡಿಕೆ. ತಪಾಸಣೆ ಮಾಡುವವನು ಮನೀಶ್, ಮಂಗಳೂರು ಕಡೆಯ ಹುಡುಗ. ನನ್ನ ಗಾರ್ಡನ್ನು ಬಗ್ಗಿ ನೋಡಿದ, ಬೆರಳಿನಿಂದ ಬಡಿದು ನೋಡಿದ.

"ಇದು ಆಗುದಿಲ್ಲ ಅಂಕಲ್," ಎಂದ ಮೆತ್ತಗೆ. "ಕೆಲಸ ಭಾರೀ ಚಂದ ಉಂಟು. ಆದ್ರೆ ಉಕ್ಕು ಬಗ್ಗಿದ್ರೆ ಬಗ್ಗಿದ ಹಾಗೇ ನಿಲ್ತದೆ. ಪ್ಲಾಸ್ಟಿಕ್ ಆದ್ರೆ ವಾಪಸ್ ಬರ್ತದೆ, ಇಲ್ಲ ತುಂಡಾಗಿ ಬಿದ್ದು ಹೋಗ್ತದೆ."

ನನ್ನ ಪಿತ್ತ ನೆತ್ತಿಗೇರಿತು.

"ಬಗ್ಗತೈತಿ? ನಿನ್ನ ವಯಸ್ಸಿಗಿಂತ ಹೆಚ್ಚ ವರ್ಷ ಲೇತ್ ಮುಂದ ನಿಂತೀನಿ ನಾ. ಯಾವ ಪ್ಲಾಸ್ಟಿಕ್ ಅಂಗಡ್ಯಾವ ನಿನಗ ಕಮಿಷನ್ ಕೊಡ್ತಾನ?"

"ಅಪ್ಪಾ, ಬಸ್..." ಎಂದು ಸೋನಾಲಿ ನನ್ನ ತೋಳು ಹಿಡಿದಳು.

ಕೊಡವಿಕೊಂಡೆ. ಬೈಕಿನ ಎಡಕ್ಕೆ ನಿಂತು, ಸೀಟು ಹಿಡಿದು, ಗಾರ್ಡ್ ಇದ್ದ ಬಲಮಗ್ಗುಲಿಗೆ ದೂಡಿಬಿಟ್ಟೆ. ಧಡ್ ಎಂದು ಬಿತ್ತು. ಗ್ಯಾರೇಜಿನಲ್ಲಿದ್ದ ಎಲ್ಲರೂ ತಿರುಗಿದರು. ನನ್ನ ಗಾರ್ಡ್ ನೆಲಕ್ಕೆ ಬಡಿದರೂ ಮುರಿದಿರಲಿಲ್ಲ. ಬೆಸುಗೆಯೂ ಬಿಟ್ಟಿರಲಿಲ್ಲ.

"ಮುರೀತೇನು? ನೋಡಿಲ್ಲೆ! ಮುರೀತೇನು?" ಎಂದು ಕೂಗಿದೆ.

ಮನೀಶ್ ಇನ್ನೊಬ್ಬನ ಜೊತೆ ಬೈಕ್ ಎತ್ತಿ ನಿಲ್ಲಿಸಿದ. "ಸ್ವಲ್ಪ ತಳ್ಳಿ ಅಂಕಲ್," ಎಂದ.

ತಳ್ಳಿದೆ. ಬೈಕ್ ಕದಲಲಿಲ್ಲ. ಇನ್ನೂ ಜೋರಾಗಿ ತಳ್ಳಿದೆ. ಹಿಂದಿನ ಗಾಲಿ ಎದ್ದಂತಾಯಿತು, ಮುಂದಿನದು ಅಲುಗಲಿಲ್ಲ. ಆಗ ನೋಡಿದೆ. ನನ್ನ ಎಂಟು ಎಂಎಂ ಉಕ್ಕು ಎರಡು ಬೆರಳಷ್ಟು ಒಳಗೆ ಬಾಗಿ, ಬ್ರೇಕಿನ ಹಿಡಿಕೆಯನ್ನು ಅಮುಕಿ ಹಿಡಿದು ನಿಂತಿತ್ತು. ಡಿಸೆಂಬರಿನಲ್ಲಿ ಪಕ್ಕದವನ ಹ್ಯಾಂಡಲ್ ಒಂದು ಕ್ಷಣ ತಾಗಿ ಬಿಟ್ಟಿತ್ತು. ನನ್ನದು ಹಿಡಿದದ್ದನ್ನು ಬಿಟ್ಟಿರಲೇ ಇಲ್ಲ.

ಬಾಗಿದ ಉಕ್ಕು ತಾನಾಗಿ ನೆಟ್ಟಗಾಗುವುದಿಲ್ಲ. ನನ್ನ ಲೇತ್‌ಗೆ ಹೊಸದಾಗಿ ಬಂದವರಿಗೆಲ್ಲ ನಾನು ಮೊದಲ ದಿನ ಹೇಳುವ ಪಾಠ ಅದು. ಹೊಳಪು ಕೊಡುವ ಭರದಲ್ಲಿ ನನಗೇ ಮರೆತಿತ್ತು. ಮನೀಶ್ ನಕ್ಕಿದ್ದರೆ ಚೆನ್ನಾಗಿತ್ತು, ಒಂದು ಬೈದು ಹಗುರಾಗುತ್ತಿದ್ದೆ. ಅವನು ಬೋಲ್ಟ್ ಬಿಚ್ಚುವ ಪಾನಾಗಳ ಪೆಟ್ಟಿಗೆ ತಂದು ನನ್ನ ಪಕ್ಕದಲ್ಲಿಟ್ಟು ಮುಂದಿನ ಬೈಕಿಗೆ ಹೋದ.

ಕುಕ್ಕರಗಾಲಿನಲ್ಲಿ ಕೂತು ಬಿಚ್ಚತೊಡಗಿದೆ. ನನ್ನ ಅರ್ಧ ಸುತ್ತು ನನಗೇ ಮುಳುವಾಯಿತು. ಬೋಲ್ಟಿನ ತಲೆ ಸವೆದುಹೋಯಿತು. ಅದನ್ನು ಅರದಿಂದ ಉಜ್ಜಿ, ಬೆವರು ಸುರಿಸಿ ಕಿತ್ತೆ. ತಲೆಯೆತ್ತಿದಾಗ ಸೋನಾಲಿ ಬ್ಯಾಗ್ ತೆರೆದು ಅದೇ ಕರಿಯ ಗಾರ್ಡನ್ನು ಹಿಡಿದು ನಿಂತಿದ್ದಳು. ಗ್ರಾಂಟ್ ರೋಡಿನ ಅಂಗಡಿಯ ಕವರ್ ಕೂಡ ಹರಿದಿರಲಿಲ್ಲ.

"ಯಾವಾಗ ತಗೊಂಡಿ?"

"ಅವತ್ತ. ನೀವು ಹೊರಗ ನಿಂತಿದ್ರಿ."

"ಅಂದ್ರ ನಿನಗ ಗೊತ್ತಿತ್ತು, ನಂದು ನಡಿಯೂದುಲ್ಲ ಅಂತ."

ಹೌದೆಂದು ತಲೆಯಾಡಿಸಿದಳು.

"ಗೊತ್ತಿದ್ದೂ ಅದನ್ನ ಹಾಕ್ಕೊಂಡ್ ಹೊಂಟಿದ್ದ್ಯಾ?"

"ನೀವು ತೀನ್ ದಿನ ಕೂತು ಮಾಡೀರಿ ನಾ... ನಿಮಗ ಹೆಂಗ ಹೇಳ್ಲಿ? ಚೆಕಿಂಗ್‌ನಾಗ ಇವ್ರು ತಗೀತಾರಂತ ಅನ್ಕೊಂಡಿದ್ದೆ."

"ತಗೀದಿದ್ರ?"

ಅವಳು ಗ್ಲೌಸಿನ ಹೊಲಿಗೆ ನೋಡುತ್ತ ನಿಂತಳು. ಎಡಭುಜ ಬಲಕ್ಕಿಂತ ಚೂರು ಕೆಳಗಿತ್ತು. ಡಿಸೆಂಬರಿನಿಂದ ಅದು ಹಾಗೇ ಇದೆ.

ಅಪ್ಪನಿಗೆ 'ಇದು ತಪ್ಪು' ಎನ್ನುವುದಕ್ಕಿಂತ ಇನ್ನೊಮ್ಮೆ ಎಲುಬು ಮುರಿದುಕೊಳ್ಳುವುದು ನನ್ನ ಮಗಳಿಗೆ ಸುಲಭವಾಗಿತ್ತು. ಅವಳಪ್ಪನಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಮಾಡಿದ ಘನಕಾರ್ಯ ಇದು. ಊರವರ ಮಾಲಿಗೆಲ್ಲ ಉಗುಳಿದ ನನ್ನ ಬಾಯಿಯ ಬಗ್ಗೆ ನನಗೇ ಅಸಹ್ಯ ಹುಟ್ಟಿತು. ಥೂ ಅನ್ನಲು ಹೋದೆ. ಬಾಯಿ ಮುಚ್ಚಿಕೊಂಡೆ.

ಕವರ್ ಹರಿದು ಕರಿಯ ಗಾರ್ಡನ್ನು ಕೈಗೆ ತಗೊಂಡೆ. "ಹೆಂಗ ಕೂಡ್ರಿಸೂದು, ಹೇಳು," ಎಂದೆ.

ಪಕ್ಕದಲ್ಲಿ ಕೂತು ಹೇಳಿದಳು. ಮೊದಲು ಅನುಮಾನಿಸುತ್ತ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಅವಳು ಹೇಳಿದಷ್ಟು ಹೊರಗೆ, ಹೇಳಿದಷ್ಟು ಕೆಳಗೆ ಇಟ್ಟು ಬೋಲ್ಟ್ ತಿರುಗಿಸಿದೆ.

"ಬಸ್, ಅಪ್ಪಾ. ಇನ್ನ ಬಿಗಿ ಮಾಡಿದ್ರ ಸೀಳತೈತಿ."

ನನ್ನ ರೂಢಿಯ ಅರ್ಧ ಸುತ್ತು ಇನ್ನೂ ಬಾಕಿಯಿತ್ತು. ಕೈ ತೆಗೆದೆ.