ಒಂದೇ ಥಾನಿನ ಎರಡು ದುಪಟ್ಟಾ

ಆಳಂದದಲ್ಲಿ ಸಾಯಿರಾಳಷ್ಟು ಚೆಂದ ರಫೂ ಮಾಡುವವರು ಇನ್ನೊಬ್ಬರಿರಲಿಲ್ಲ. ಹರಿದ ಬಟ್ಟೆಗೆ ಅವಳು ಎಳೆ ಕೂಡಿಸಿದರೆ, ಹರಿದದ್ದೆಲ್ಲಿ ಎಂದು ಕೊಟ್ಟವರಿಗೇ ಗುರುತು ಸಿಗುತ್ತಿರಲಿಲ್ಲ. ಅಂಥವಳು, ತಂಗಿ ಜೀನತಳ ಹೂ ನೇಯ್ದ ಹಸಿರು ದುಪಟ್ಟಾ ಬಾಗಿಲ ಮೊಳೆಗೆ ಸಿಕ್ಕು ಹರಿದಾಗ, ಎರಡೂ ಅಂಚು ಎಳೆದು ಕೂಡಿಸಿ ಹೊಲಿದು ಕೈ ತೊಳೆದುಕೊಂಡಳು. ಛೀ, ಅದೇನು ಕೆಲಸ!

"ಆಪಾ, ಇಲ್ಲೊಂದು ಹೂವು ಕಮ್ಮಿ ಅದ," ಎಂದಳು ಜೀನತ, ಬೆರಳಾಡಿಸಿ. ಕ್ಯಾನ್ಸರಿನ ಔಷಧಕ್ಕೆ ಕೂದಲೆಲ್ಲ ಉದುರಿದ ಮೇಲೆ ಆ ದುಪಟ್ಟಾ ಅವಳ ತಲೆಯಿಂದ ಇಳಿದದ್ದೇ ಅಪರೂಪ.

ಸಾಯಿರಾ ಸೂಜಿಯ ಡಬ್ಬಿ ಮುಚ್ಚಿಟ್ಟಳು. ನೆಟ್ಟಗೆ ರಫೂ ಮಾಡಬೇಕಾದರೆ ಅದೇ ನೇಯ್ಗೆಯ ಎಳೆ ಬೇಕು. ಅದು ಇದ್ದದ್ದು ಒಂದೇ ಕಡೆ, ಅವಳ ಸ್ವಂತ ದುಪಟ್ಟಾದಲ್ಲಿ. ತೀರಿಹೋದ ಅಮ್ಮಿ ಅಫಜಲಪುರದ ಅಂಗಡಿಯಿಂದ ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಕತ್ತರಿಸಿ ತಂದದ್ದು. ತಂಗಿಯದು ಸವೆದಿತ್ತು. ಅಕ್ಕನದು ಟ್ರಂಕಿನಲ್ಲಿ ಮಡಿಕೆ ಮುರಿಯದೆ ಇತ್ತು.

ಜೀನತಳ ಮಗಳು ಜಸ್ಮೀನ ಜೇವರ್ಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಅಂದು ಅವಳು ಬಂದದ್ದು ಖಾಲಾಳನ್ನು, ಅಂದರೆ ದೊಡ್ಡಮ್ಮ ಸಾಯಿರಾಳನ್ನು, ರಕ್ತಪರೀಕ್ಷೆಗೆ ಒಪ್ಪಿಸಲಿಕ್ಕೆ. ಜೀನತಳ ಎದೆಯ ಗಡ್ಡೆಗೆ ಹುಟ್ಟಿನಿಂದ ಬಂದ ಜೀನಿನ ದೋಷ ಕಾರಣವೆಂದು ಗೊತ್ತಾಗಿತ್ತು. ಅದು ಅಕ್ಕನಿಗೂ ಇರಬಹುದು, ರಕ್ತ ಕೊಟ್ಟು ನೋಡಿಸಿ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಸಾಯಿರಾ ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದ್ದಳು.

"ನಂದೂ ಕೊಟ್ಟೇನಿ ಖಾಲಾ. ರಕ್ತ ತಗೊಳ್ಳಾಕ ಲ್ಯಾಬಿನಾಕಿ ನಾಕಕ್ಕ ಬರ್ತಾಳ. ಇವತ್ತರೆ ತಪ್ಪಿಸ್ಕೋಬ್ಯಾಡ್ರಿ."

"ಒಳಗ ಏನು ಕೆಟ್ಟದ? ನನಗ ತಿಳಿಯೋಹಂಗ ಹೇಳು."

"ನಿಮ್ಮ ಕೆಲಸಾನ ಅದು. ಜೀವಕಣದೊಳಗ ಡಿಎನ್ಎ ಅಂತ ಉದ್ದನ್ನ ಎಳಿ ಇರ್ತದ. ಆಗಾಗ ಹರೀತದ. ಅದರ ನಕಲು ಇನ್ನಾ ತಯಾರಾಗಿಲ್ಲಂದ್ರ, ಕಣ ಎರಡೂ ತುದಿ ಲಗೂನ ಕೂಡಿಸಿಬಿಡ್ತದ, ಎಳಿ ಮ್ಯಾಲೆ ಬರೆದ ಒಂದೆರಡು ಅಕ್ಷರ ಹೋದ್ರ ಹೋಗ್ಲಿ ಅಂತ. ನಕಲು ಬಾಜೂಕ ಇತ್ತಂದ್ರ ಹರಿದ ತುದಿ ಬಿಡಿಸಿ, ಆ ನಕಲು ನೋಡ್ಕೋತ ಹೊಸ ಎಳಿ ನೇಯ್ತದ. ಆ ನಕಲಿಗೆ ನಾವು ಸೋದರಿ ಅಂತೇವಿ. ನಮ್ಮ ಅಮ್ಮಿ ಗಡ್ಡಿ ಒಳಗಿನ ಕಣಕ್ಕ ಆ ಎರಡನೇ ದಾರಿನ ಬಂದ್ ಆಗ್ಯದ. ಬರೇ ಗಡಿಬಿಡಿ ಹೊಲಿಗಿ."

ಗಡಿಬಿಡಿ ಹೊಲಿಗೆ! ಸಾಯಿರಾಳ ಮುಖಕ್ಕೆ ಹೊಡೆದಂತಾಯಿತು.

ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ನಿಧಾನ ಸರಿಯುತ್ತಿತ್ತು. ತಂಗಿಯ ದುಪಟ್ಟಾ ಮಡಿಲಲ್ಲಿಟ್ಟುಕೊಂಡು ಕೂತ ಸಾಯಿರಾಳಿಗೆ ಕಣ್ಣು ಎಳೆಯಿತು. ನೋಡುತ್ತಾಳೆ, ಸುತ್ತೆಲ್ಲ ಹಸಿರು ಎಳೆಗಳು, ನೀರೊಳಗಿನ ಹುಲ್ಲಿನ ಹಾಗೆ ಅಲುಗುತ್ತಿವೆ. ಒಂದು ಎಳೆ ಹರಿದಿದೆ. ಅದರ ಪಕ್ಕ ಎರಡು ಕೈಗಳಿವೆ, ಮುಖಗಳಿಲ್ಲ.

"ಕಟ್ಟಿಬಿಡ್ಲೇನು?" ಎಂದಿತು ಒಂದು ಕೈ.

"ತಡಿ. ಸೋದರಿ ಬಂದಾಳೇನು ಕೇಳು," ಎಂದಿತು ಕತ್ತರಿ ಹಿಡಿದ ಕೈ.

ಬಂದೇನಿ ಎನ್ನಲು ಸಾಯಿರಾ ಬಾಯಿ ತೆರೆದಳು. ದನಿ ಬರಲಿಲ್ಲ. ತಾನು ಟ್ರಂಕಿನ ಕತ್ತಲೆಯಲ್ಲಿ ಮಡಿಚಿ ಮಲಗಿದ್ದಳು, ಎಲ್ಲ ಹೂವೂ ನೆಟ್ಟಗೆ. ಕೈಗಳು ತುಸು ಹೊತ್ತು ಕಾದವು. ಆಮೇಲೆ ಮೊದಲನೆಯ ಕೈ ಗಂಟು ಹಾಕತೊಡಗಿತು.

"ತಡೀರಿ!" ಎಂದು ಕೂಗಿ ಎಚ್ಚರಾದಳು.

ಎದ್ದವಳೇ ಕತ್ತರಿ ತೆಗೆದುಕೊಂಡು ತಾನೇ ಹಾಕಿದ ಹೊಲಿಗೆ ಬಿಚ್ಚಿದಳು. ಹರಿದ ಅಂಚನ್ನು ಎಳೆಎಳೆಯಾಗಿ ಬಿಡಿಸಿದಳು. ಹಾಗೆ ಬಿಡಿಸಿದ ಮೇಲೆ ಹಳೆಯ ಹೊಲಿಗೆಗೆ ಮರಳುವ ಹಾಗಿಲ್ಲ, ಅದು ಅವಳಿಗೆ ಗೊತ್ತು. ಟ್ರಂಕು ತೆರೆದು ತನ್ನ ದುಪಟ್ಟಾದ ಅಂಚಿಗೆ ಕತ್ತರಿ ಇಟ್ಟಳು.

"ಆಪಾ! ನಿಂದ್ಯಾಕ ಕತ್ತರಸಾಕತ್ತೀ?"

ಸಾಯಿರಾಳಿಗೆ ಅಳು ಒತ್ತರಿಸಿ ಬಂತು. "ನನ್ನ ರಕ್ತದಾಗ ದೋಷ ಅದ ಅಂತ ಬಂದ್ರ ನಾ ಅಂಜಂಗಿಲ್ಲ ಜೀನತ. ಇಲ್ಲ ಅಂತ ಬಂದ್ರ? ಒಂದೇ ಹೊಟ್ಟೀಲೆ ಹುಟ್ಟಿ ನಾ ಒಬ್ಬಾಕಿನ ನೆಟ್ಟಗ ಉಳಿದ್ರ, ನಿನಗ ಹ್ಯಾಂಗ ಮುಖ ತೋರಿಸ್ಲಿ?"

ಜೀನತ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. "ಹುಚ್ಚಿ ಇದ್ದೀ ನೋಡು! ಒಂದರೆ ನೆಟ್ಟಗಿರಲಿ ಬೇ. ಇಲ್ಲಂದ್ರ ಇನ್ನೊಂದನ್ನ ಯಾವುದು ನೋಡಿ ನೇಯ್ತೀ?"

ಹೊರಗೆ ಲ್ಯಾಬಿನ ಹುಡುಗಿ ಕದ ಬಡಿದಳು. ಸಾಯಿರಾ ಕಣ್ಣೊರೆಸಿಕೊಂಡು, ತನ್ನ ದುಪಟ್ಟಾದಿಂದ ತೆಗೆದ ಹಸಿರು ಎಳೆಯನ್ನು ಸೂಜಿಗೆ ಪೋಣಿಸಿ ತಂಗಿಯ ಕೈಗಿತ್ತಳು.

"ಹಿಡ್ಕೋ, ಬಂದೆ," ಎಂದು ತೋಳಿನ ಬಟ್ಟೆ ಮೇಲೇರಿಸಿಕೊಂಡು, ರಕ್ತ ಕೊಡಲು ಬಾಗಿಲಿಗೆ ನಡೆದಳು.